ಮನೆ ಕಂಪ್ಯೂಟರಿಗೆ ಯಾವ ಯುಪಿಎಸ್? ಮೊದಲು ವ್ಯಾಟ್ ಲೆಕ್ಕ, ಆಮೇಲೆ ಅಂಗಡಿ

ಪ್ರಶ್ನೆ: ನಾವು ಧಾರವಾಡದವರು, ಈಗ ಪುಣೆಯ ಧಾಯರಿಯಲ್ಲಿದ್ದೇವೆ. ಮನೆಯಲ್ಲಿ ಒಂದೇ ಡೆಸ್ಕ್‌ಟಾಪ್. ನಾನು ಅದರಲ್ಲಿ ಎರಡು ಅಂಗಡಿಗಳ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುತ್ತೇನೆ. ಮಗ ವಿಡಿಯೊ ಎಡಿಟ್ ಮಾಡುತ್ತಾನೆ, ಗೇಮ್ ಆಡುತ್ತಾನೆ. ರೈಜೆನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 550 ವ್ಯಾಟಿನ ಬ್ರಾಂಜ್ ದರ್ಜೆಯ ಎಸ್‌ಎಂಪಿಎಸ್ (ಕಂಪ್ಯೂಟರ್ ಒಳಗಿನ ಪವರ್ ಸಪ್ಲೈ ಡಬ್ಬಿ), 24 ಇಂಚಿನ ಮಾನಿಟರ್. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ. ಹಳೆಯ 600 ವಿಎ ಯುಪಿಎಸ್ ಇದ್ದರೂ ಕಂಪ್ಯೂಟರ್ ಪಟ್ಟನೆ ಆರಿಹೋಗುತ್ತದೆ. ಅಂಗಡಿಯವರು "ಬ್ಯಾಟರಿ ಬದಲಿಸಿ, ಇದೇ ಸಾಕು" ಅಂತಾರೆ. ನಮ್ಮ ಭಾವ "ಇನ್ವರ್ಟರ್ ಹಾಕಿಸಿ" ಅಂತಾರೆ. ಮಗ "ಪ್ಯೂರ್ ಸೈನ್‌ವೇವ್ ಬೇಕೇ ಬೇಕು" ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಹೊಸದು ತರುವ ಮುಂಚೆ ಹಳೆಯದು ಯಾಕೆ ಕೈಕೊಡುತ್ತಿದೆ ಅಂತ ನೋಡಿ. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಕೀ ಒತ್ತಿ ಬಯೋಸ್ ಪರದೆಗೆ, ಅಂದರೆ ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆಗೆ ಹೋಗಿ. ಅಲ್ಲಿ ಡಿಸ್ಕಿಗೆ ಏನೂ ಬರೆಯುತ್ತಿರುವುದಿಲ್ಲ, ಹಾಗಾಗಿ ಪಟ್ಟನೆ ಆರಿದರೂ ನಷ್ಟವಿಲ್ಲ. ಈಗ ಗೋಡೆಯ ಸ್ವಿಚ್ ಆಫ್ ಮಾಡಿ, ಗಡಿಯಾರ ನೋಡಿ. ಆ ಕ್ಷಣವೇ ಆರಿದರೆ ಬ್ಯಾಟರಿ ಸತ್ತಿದೆ. ಹತ್ತು ನಿಮಿಷ ನಿಂತರೆ ಬ್ಯಾಟರಿಯ ತಪ್ಪಿಲ್ಲ. ಮಗ ವಿಡಿಯೊ ರೆಂಡರ್ ಮಾಡುವಾಗ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಫೈಲ್ ಆಗಿ ತೆಗೆಯುವಾಗ) ಹೊರೆ ಜಾಸ್ತಿಯಾಗಿ ಯುಪಿಎಸ್ ಕೈಚೆಲ್ಲುತ್ತಿದೆ ಅಂತ ಅರ್ಥ. ನೀವು ಬರೆದ ವಿವರ ನೋಡಿದರೆ ಹೊರೆಯ ತೊಂದರೆಯಂತೂ ಇದ್ದೇ ಇದೆ. ಬ್ಯಾಟರಿಯೂ ಹಳತಾಗಿದ್ದರೆ ಎರಡೂ ಸೇರಿಕೊಂಡಿವೆ. ಅಂದಮೇಲೆ ಬರೀ ಬ್ಯಾಟರಿ ಬದಲಿಸಿದರೆ ನಿಮ್ಮ ಟ್ಯಾಲಿ ಕೆಲಸ ಉಳಿಯುತ್ತದೆ, ಮಗನ ಕೆಲಸ ಉಳಿಯುವುದಿಲ್ಲ.

ಯಾಕೆ ಅಂತ ಲೆಕ್ಕ ಹಾಕೋಣ. ಯುಪಿಎಸ್ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವುದು ವಿಎ, ಅಂದರೆ ವೋಲ್ಟ್-ಆಂಪಿಯರ್. ನಿಮ್ಮ ಕಂಪ್ಯೂಟರಿಗೆ ಬೇಕಾದ ಅಂಕಿ ವ್ಯಾಟ್, ಅದು ಪಕ್ಕದಲ್ಲೋ ಹಿಂಬದಿಯಲ್ಲೋ ಸಣ್ಣದಾಗಿ ಇರುತ್ತದೆ. ಮನೆಬಳಕೆಯ ಸಾಮಾನ್ಯ ಯುಪಿಎಸ್‌ಗಳಲ್ಲಿ ವ್ಯಾಟ್ ಅಂದರೆ ವಿಎದ 60 ಶೇಕಡ. 600 ವಿಎ ಅಂದರೆ 360 ವ್ಯಾಟ್. 1100 ವಿಎ ಅಂದರೆ 660 ವ್ಯಾಟ್.

ಈಗ ನಿಮ್ಮ ಮಷೀನ್. ಪ್ರೊಸೆಸರ್ ಪೂರ್ತಿ ಓಡುವಾಗ ಸುಮಾರು 76 ವ್ಯಾಟ್, ಗ್ರಾಫಿಕ್ಸ್ ಕಾರ್ಡ್ 170 ವ್ಯಾಟ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆ ಇನ್ನೊಂದು 45. ಸುಮಾರು 290 ಆಯಿತು. ಬ್ರಾಂಜ್ ಎಸ್‌ಎಂಪಿಎಸ್ ತಾನೇ ಸ್ವಲ್ಪ ಬಿಸಿ ಮಾಡಿ ಕಳೆಯುತ್ತದೆ, 85 ಶೇಕಡ ದಕ್ಷತೆ ಅಂದುಕೊಂಡರೆ ಗೋಡೆಯಿಂದ ಎಳೆಯುವುದು 340 ವ್ಯಾಟ್. ಮಾನಿಟರಿಗೆ 25 ಸೇರಿಸಿ. ಮೊತ್ತ 365. ಅಂದರೆ ನಿಮ್ಮ 360 ವ್ಯಾಟಿನ ಯುಪಿಎಸ್ ಆಗಲೇ ದಾಟಿಹೋಯಿತು. ಇದರ ಮೇಲೆ ಗ್ರಾಫಿಕ್ಸ್ ಕಾರ್ಡುಗಳಿಗೆ ಒಂದು ಗುಣ ಇದೆ: ಕಣ್ಣು ಮಿಟುಕಿಸುವಷ್ಟೂ ಇಲ್ಲದ ಹೊತ್ತಿನಲ್ಲಿ ಹೇಳಿದ್ದಕ್ಕಿಂತ ತುಂಬಾ ಜಾಸ್ತಿ ಎಳೆದುಬಿಡುತ್ತವೆ. ಗೋಡೆಯ ಕರೆಂಟಿಗೆ ಅದು ಲೆಕ್ಕಕ್ಕೇ ಇಲ್ಲ. ಬ್ಯಾಟರಿಯಲ್ಲಿ ಓಡುತ್ತಿರುವ ಸಣ್ಣ ಯುಪಿಎಸ್‌ಗೆ ಅಷ್ಟೇ ಸಾಕು, ಬೀಪ್ ಅಂತ ಕೂಗಿ ಆರಿಹೋಗುತ್ತದೆ.

ಅದೇ ನೀವು ಟ್ಯಾಲಿ ತೆರೆದು ಕೂತಾಗ ಕಂಪ್ಯೂಟರ್, ಮಾನಿಟರ್ ಎರಡೂ ಸೇರಿ 100 ವ್ಯಾಟ್ ಆಸುಪಾಸು. ಅದಕ್ಕೇ ಅಂಗಡಿಯವರಿಗೆ 600 ವಿಎ ಸಾಕು ಅನಿಸಿದ್ದು. ಅವರು ಸುಳ್ಳು ಹೇಳಿಲ್ಲ. ಆದರೆ ಕಂಪ್ಯೂಟರ್ ಒಳಗೆ ಏನೇನಿದೆ ಅಂತ ಕೇಳದೇ ಹೇಳಿದ್ದಾರೆ. ಯುಪಿಎಸ್ ಕೊಳ್ಳುವಾಗ ಲೆಕ್ಕ ಹಾಕಬೇಕಾದದ್ದು ಆ ಮಷೀನ್ ಅತಿ ಹೆಚ್ಚು ಎಳೆಯುವ ಹೊತ್ತಿನದು, ದಿನದ ಸರಾಸರಿಯದಲ್ಲ. ಅದರ ಮೇಲೂ ಮೂರರಲ್ಲಿ ಒಂದು ಪಾಲು ಖಾಲಿ ಬಿಡಿ. 365ಕ್ಕೆ ಹಾಗೆ ಜಾಗ ಬಿಟ್ಟರೆ 550 ವ್ಯಾಟ್ ಆಸುಪಾಸು ಬರುತ್ತದೆ. ಹಾಗಾಗಿ ನಿಮಗೆ 1000ದಿಂದ 1100 ವಿಎ, ಕಡಿಮೆ ಅಂದರೂ 600 ವ್ಯಾಟ್ ಕೊಡುವ ಲೈನ್ ಇಂಟರ್‌ಆಕ್ಟಿವ್ ಯುಪಿಎಸ್ ಬೇಕು. ಇದು ನನ್ನ ನೇರ ಉತ್ತರ.

ಎಸ್‌ಎಂಪಿಎಸ್ ಮೇಲೆ 550 ಅಂತ ಬರೆದಿದೆಯಲ್ಲ, ಅದಕ್ಕೆ ಹೆದರಬೇಡಿ. ಅದು ಕೊಡಬಲ್ಲ ಗರಿಷ್ಠ ಅಂಕಿ, ಸದಾ ಎಳೆಯುವ ಅಂಕಿ ಅಲ್ಲ.

ಲೈನ್ ಇಂಟರ್‌ಆಕ್ಟಿವ್ ಯಾಕೆ? ಧಾಯರಿಯಂಥ ಊರಂಚಿನ ಕಡೆ ಕರೆಂಟ್ ಹೋಗುವುದಷ್ಟೇ ತೊಂದರೆ ಅಲ್ಲ. ಸಂಜೆ ಹೊತ್ತಿಗೆ ವೋಲ್ಟೇಜ್ 230ರಿಂದ 190ಕ್ಕೆ, 180ಕ್ಕೆ ಇಳಿಯಬಹುದು. ಈ ಬಗೆಯ ಯುಪಿಎಸ್ ಒಳಗೆ ಎವಿಆರ್ ಇರುತ್ತದೆ. ವೋಲ್ಟೇಜ್ ಇಳಿದರೆ ಬ್ಯಾಟರಿ ಮುಟ್ಟದೇ ಏರಿಸುತ್ತದೆ, ಏರಿದರೆ ಇಳಿಸುತ್ತದೆ. ಆಗ "ಟಕ್" ಅಂತ ರಿಲೇ ಸದ್ದು ಕೇಳುತ್ತದೆ, ಅದು ಸರಿಯಾದದ್ದೇ. ಡಬ್ಬದ ಮೇಲೆ ಇನ್‌ಪುಟ್ 140ರಿಂದ 300 ವೋಲ್ಟ್ ಅಂತ ಇದ್ದರೆ ಒಳ್ಳೆಯದು. ವ್ಯಾಪ್ತಿ ಕಿರಿದಾದಷ್ಟೂ ಯುಪಿಎಸ್ ಮಾತುಮಾತಿಗೆ ಬ್ಯಾಟರಿಗೆ ಹಾರುತ್ತದೆ, ಬ್ಯಾಟರಿ ಬೇಗ ಸವೆಯುತ್ತದೆ. ಆನ್‌ಲೈನ್ ಯುಪಿಎಸ್ ಅಂತ ಇನ್ನೊಂದು ಬಗೆ ಇದೆ, ಅದರಲ್ಲಿ ಕಂಪ್ಯೂಟರ್ ಸದಾ ಯುಪಿಎಸ್ ಒಳಗಿನ ಇನ್ವರ್ಟರ್ ಭಾಗದ (ಬ್ಯಾಟರಿ ಕರೆಂಟನ್ನು ಮನೆ ಕರೆಂಟಾಗಿ ಬದಲಿಸುವ ಭಾಗ) ಮೂಲಕವೇ ಓಡುತ್ತದೆ. ಆಸ್ಪತ್ರೆಗೆ, ಸರ್ವರ್ ಕೋಣೆಗೆ ಅದು ಬೇಕು. ಮನೆಯಲ್ಲಿ ಅದರ ಫ್ಯಾನ್ ಸದ್ದು, ಬಿಸಿ, ಬೆಲೆ ಮೂರೂ ಸುಮ್ನೆ ದಂಡ.

ಈಗ ಮಗನ ಸೈನ್‌ವೇವ್ ವಿಚಾರ. ಹುಡುಗ ಹೇಳುವುದರಲ್ಲಿ ಹುರುಳಿದೆ. ಗೋಡೆಯಿಂದ ಬರುವ ಕರೆಂಟಿನ ಅಲೆ ನುಣುಪಾಗಿ ಏರಿಳಿಯುತ್ತದೆ. ಅಗ್ಗದ ಯುಪಿಎಸ್ ಬ್ಯಾಟರಿಯಲ್ಲಿ ಓಡುವಾಗ ಕೊಡುವ ಅಲೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ನಡುವೆ ಸೊನ್ನೆಯಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತದೆ. ನಿಮ್ಮ ಬ್ರಾಂಜ್ ಎಸ್‌ಎಂಪಿಎಸ್‌ನಲ್ಲಿ ಆ್ಯಕ್ಟಿವ್ ಪಿಎಫ್‌ಸಿ ಅನ್ನುವ ಸರ್ಕ್ಯೂಟ್ ಇರುತ್ತದೆ. ನುಣುಪು ಅಲೆ ಬರುತ್ತದೆ ಅಂತ ನಂಬಿಕೊಂಡೇ ಅದು ಕೆಲಸ ಮಾಡುತ್ತದೆ. ಮೆಟ್ಟಿಲು ಅಲೆ ಬಂದಾಗ ಪ್ರತಿ ಏರಿಕೆಗೂ ಒಂದೇ ಸಲ ಜಾಸ್ತಿ ಕರೆಂಟ್ ಎಳೆಯುತ್ತದೆ. ಯುಪಿಎಸ್ ಅದನ್ನು ಓವರ್‌ಲೋಡ್ ಅಂದುಕೊಂಡು ಆರಬಹುದು, ಇಲ್ಲವೇ ಎಸ್‌ಎಂಪಿಎಸ್ ತಾನೇ ಆರಬಹುದು. ನಿಮ್ಮದರಲ್ಲಿ ಈ ಸರ್ಕ್ಯೂಟ್ ಇದೆಯೇ ಅಂತ ಖಾತ್ರಿ ಮಾಡಿಕೊಳ್ಳಲು ಎಸ್‌ಎಂಪಿಎಸ್ ಹಿಂಬದಿ ನೋಡಿ. 115/230 ಅಂತ ಬದಲಿಸುವ ಕೆಂಪು ಸ್ವಿಚ್ ಇಲ್ಲದೇ ಲೇಬಲ್ ಮೇಲೆ 100-240 ವೋಲ್ಟ್ ಅಂತಿದ್ದರೆ ಬಹುಮಟ್ಟಿಗೆ ಇದೆ.

ಹಾಗಂತ ಪ್ಯೂರ್ ಸೈನ್‌ವೇವ್ ಇಲ್ಲದಿದ್ದರೆ ಕಂಪ್ಯೂಟರ್ ಸುಟ್ಟೇ ಹೋಗುತ್ತದೆ ಅನ್ನುವುದು ಅತಿಯಾಯಿತು. ಒಳ್ಳೆ ಕಂಪನಿಯ ಎಸ್‌ಎಂಪಿಎಸ್‌ಗಳು ಬಹಳಷ್ಟು ಮೆಟ್ಟಿಲು ಅಲೆಯಲ್ಲೂ ಹತ್ತು ನಿಮಿಷ ಓಡುತ್ತವೆ. ಯುಪಿಎಸ್ ತನ್ನ ಗರಿಷ್ಠದ ಹತ್ತಿರ ಇದ್ದಾಗಲೇ ತೊಂದರೆ ಜಾಸ್ತಿ. 660 ವ್ಯಾಟಿನದು ತಂದರೆ ಆ ಅಪಾಯ ತಾನಾಗಿಯೇ ಕಡಿಮೆಯಾಗುತ್ತದೆ. ನನ್ನ ಸಲಹೆ ಹೀಗೆ: ಮಗನ ಎಡಿಟಿಂಗ್‌ನಿಂದ ದುಡ್ಡು ಬರುತ್ತಿದ್ದರೆ, ಕೆಲಸ ತಪ್ಪಿದರೆ ಗಿರಾಕಿ ಹೋಗುವ ಹಾಗಿದ್ದರೆ, ಪ್ಯೂರ್ ಸೈನ್‌ವೇವ್ ಲೈನ್ ಇಂಟರ್‌ಆಕ್ಟಿವ್ ತನ್ನಿ. ಬೆಲೆ ಸಾಕಷ್ಟು ಜಾಸ್ತಿ, ಆದರೆ ತಲೆನೋವಿಲ್ಲ. ಇನ್ನೂ ಕಲಿಯುತ್ತಿದ್ದಾನೆ ಅಂದರೆ ಸಾಮಾನ್ಯ 1100 ವಿಎ ಸಾಕು. ತಾಪಕೀರ್ ಗಲ್ಲಿಯಲ್ಲೋ ನಿಮ್ಮ ಸಿಂಹಗಡ ರಸ್ತೆಯ ಅಂಗಡಿಯಲ್ಲೋ ಕೊಳ್ಳುವಾಗ "ನಮ್ಮ ಮಷೀನಿಗೆ ಹೊಂದದಿದ್ದರೆ ವಾರದೊಳಗೆ ಬದಲಿಸಿ ಕೊಡಬೇಕು" ಅಂತ ಬಿಲ್ ಮೇಲೆ ಬರೆಸಿಕೊಳ್ಳಿ. ಮನೆಗೆ ತಂದ ಮೇಲೆ ಹೋದರೂ ನಷ್ಟವಿಲ್ಲದ ಪ್ರಾಜೆಕ್ಟ್ ಒಂದನ್ನು ರೆಂಡರ್‌ಗೆ ಹಾಕಿ ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿ. ವಾರದೊಳಗೆ ಈ ಪರೀಕ್ಷೆ ಮುಗಿಸಿಬಿಡಿ.

ಎಷ್ಟು ಹೊತ್ತು ಬರುತ್ತದೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 600 ವಿಎ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟ್ 7 ಎಎಚ್‌ನ (ಆಂಪಿಯರ್-ಅವರ್) ಒಂದು ಬ್ಯಾಟರಿ ಇರುತ್ತದೆ. ಗುಣಿಸಿದರೆ 84 ವ್ಯಾಟ್-ಅವರ್. 100 ವ್ಯಾಟ್ ಹೊರೆಗೆ 50 ನಿಮಿಷ ಬರಬೇಕಲ್ವಾ? ಬರುವುದಿಲ್ಲ. ಆ 7 ಎಎಚ್ ಅನ್ನುವುದು 20 ಗಂಟೆಯಲ್ಲಿ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಅಂಕಿ. ಅರ್ಧ ಗಂಟೆಯೊಳಗೆ ಹಿಂಡಿದರೆ ಸೀಸದ ಬ್ಯಾಟರಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೊಡುತ್ತದೆ ಅಷ್ಟೇ. ಅದರಲ್ಲೂ ಇನ್ವರ್ಟರ್ ಭಾಗ ಐದರಲ್ಲೊಂದು ಪಾಲು ತಿನ್ನುತ್ತದೆ. ಕೊನೆಗೆ ಉಳಿಯುವುದು ಇಪ್ಪತ್ತು ನಿಮಿಷ ಚಿಲ್ಲರೆ, ಅದೂ ಬ್ಯಾಟರಿ ಹೊಸದಿದ್ದಾಗ.

1100 ವಿಎದಲ್ಲಿ ಇಂಥವು ಎರಡು ಇರುತ್ತವೆ. ಪ್ರತಿ ಬ್ಯಾಟರಿಯ ಮೇಲೆ ಹೊರೆ ಅರ್ಧವಾಗುವುದರಿಂದ ನಿಮ್ಮ ಟ್ಯಾಲಿ ಕೆಲಸಕ್ಕೆ ಮುಕ್ಕಾಲು ಗಂಟೆ ಸಿಗಬಹುದು. ಮಗ ರೆಂಡರ್ ಮಾಡುತ್ತಿದ್ದರೆ ಎಂಟ್ಹತ್ತು ನಿಮಿಷ. ಸೇವ್ ಮಾಡಿ ಮುಚ್ಚಲು ಅದು ಧಾರಾಳ. ಯುಪಿಎಸ್ ಇರುವುದು ಅದಕ್ಕೇ. ನೂರೆಂಟು ಎಂಟ್ರಿ ಹಾಕುವ ನಡುವೆ ಕರೆಂಟ್ ಹೋಗಿ ಟ್ಯಾಲಿಯ ಡೇಟಾ ಫೈಲ್ ಕೆಟ್ಟರೆ ಸರಿಪಡಿಸುವುದು ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಿಲ್ಲ. ಯುಎಸ್‌ಬಿ ಕೇಬಲ್ ಜೊತೆ ಬರುವ ಯುಪಿಎಸ್ ಸಿಕ್ಕರೆ ಅದನ್ನೇ ಆರಿಸಿ. ಕೇಬಲ್ ಚುಚ್ಚಿದರೆ ವಿಂಡೋಸ್ ಅದನ್ನು ಲ್ಯಾಪ್‌ಟಾಪ್ ಬ್ಯಾಟರಿಯ ಹಾಗೆ ತೋರಿಸುತ್ತದೆ, ಚಾರ್ಜ್ ಇಳಿದಾಗ ತಾನೇ ಹೈಬರ್ನೇಟ್ ಆಗುವಂತೆ, ಅಂದರೆ ತೆರೆದ ಕೆಲಸವನ್ನು ಡಿಸ್ಕಿನಲ್ಲಿ ಉಳಿಸಿ ಆರುವಂತೆ ಮಾಡಬಹುದು. ನೀವು ಅಡುಗೆಮನೆಯಲ್ಲಿದ್ದಾಗ ಕರೆಂಟ್ ಹೋದರೂ ಕೆಲಸ ಉಳಿಯುತ್ತದೆ.

ಇನ್ನು ಭಾವನವರ ಇನ್ವರ್ಟರ್. ಪುಣೆಯಲ್ಲಿ ಗುರುವಾರ ವಿದ್ಯುತ್ ಕಂಪನಿ ಮಹಾವಿತರಣದವರು ರಿಪೇರಿಗೆ ಅಂತ ಗಂಟೆಗಟ್ಟಲೆ ಕರೆಂಟ್ ತೆಗೆಯುವುದು ನಿಮಗೆ ಗೊತ್ತೇ ಇದೆ. ಕರೆಂಟ್ ಹೋಗುವುದೇ ಇಲ್ಲ ಅನ್ನುವ ಮುಂಬೈಯಲ್ಲೂ 2020ರ ಅಕ್ಟೋಬರ್ 12ರ ಬೆಳಿಗ್ಗೆ ಗ್ರಿಡ್ ಕೈಕೊಟ್ಟು ಗಂಟೆಗಟ್ಟಲೆ ಕತ್ತಲಾಗಿತ್ತು. ಅಂಥ ದಿನಗಳಿಗೆ ಯುಪಿಎಸ್ ಸಾಲದು, ಇನ್ವರ್ಟರೇ ಬೇಕು. 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಇದ್ದರೆ ಫ್ಯಾನು, ಲೈಟು, ನಿಮ್ಮ ಟ್ಯಾಲಿ ಕಂಪ್ಯೂಟರ್ ಮೂರ್ನಾಲ್ಕು ಗಂಟೆ ಓಡುತ್ತವೆ. ಕೊಳ್ಳುವುದಾದರೆ ಸೈನ್‌ವೇವ್ ಇನ್ವರ್ಟರ್ ಕೊಳ್ಳಿ, ಅದರ ಮೇಲಿರುವ ಸಣ್ಣ ಸ್ವಿಚ್ ಅನ್ನು ಯುಪಿಎಸ್ ಮೋಡ್‌ಗೆ ಹಾಕಿ. ಈ ಸ್ವಿಚ್ ಬಗ್ಗೆ ಯಾರೂ ಹೇಳುವುದಿಲ್ಲ. ಕಂಪ್ಯೂಟರಿನ ಎಸ್‌ಎಂಪಿಎಸ್ ಪೂರ್ತಿ ಹೊರೆಯಲ್ಲಿ ಕರೆಂಟ್ ಇಲ್ಲದೇ ತಡೆಯಬಲ್ಲದ್ದು ಸುಮಾರು 16 ಮಿಲಿಸೆಕೆಂಡ್. ಯುಪಿಎಸ್ ಮೋಡ್‌ನಲ್ಲಿ ಇನ್ವರ್ಟರ್ ಅಷ್ಟರೊಳಗೆ ಬದಲಾಗುತ್ತದೆ. ಸಾಮಾನ್ಯ ಮೋಡ್‌ನಲ್ಲಿ ಅದರ ಎರಡು ಪಟ್ಟಾದರೂ ತೆಗೆದುಕೊಳ್ಳಬಹುದು, ಫ್ಯಾನಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಇನ್ವರ್ಟರ್ ವೋಲ್ಟೇಜ್ ಸರಿಪಡಿಸುವುದೂ ಇಲ್ಲ. ಆದ್ದರಿಂದ ಮೊದಲು ಯುಪಿಎಸ್ ತನ್ನಿ. ಮುಂದೆ ಇನ್ವರ್ಟರ್ ಬಂದರೂ ಯುಪಿಎಸ್ ತನ್ನ ಜಾಗದಲ್ಲೇ ಇರಲಿ. ಟ್ಯೂಬ್ಯುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಾಡುವ ಕಡೆ ಇಡಬೇಕು, ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ನಿಮ್ಮ ಫ್ಲ್ಯಾಟ್‌ನಲ್ಲಿ ಅದಕ್ಕೆ ಜಾಗ ಎಲ್ಲಿ ಅಂತ ನೋಡಿಕೊಂಡು ಹೆಜ್ಜೆ ಇಡಿ.

ರೂಟರ್ ಮರೆಯಬೇಡಿ. ಕಂಪ್ಯೂಟರ್ ಇದ್ದು ನೆಟ್ ಹೋದರೆ ಜಿಎಸ್‌ಟಿ ರಿಟರ್ನ್ ಅರ್ಧಕ್ಕೆ ನಿಲ್ಲುತ್ತದೆ. ರೂಟರ್ ತಿನ್ನುವುದು ಹತ್ತು ಹದಿನೈದು ವ್ಯಾಟ್. ಅದಕ್ಕೆ ಅಂತಲೇ 12 ವೋಲ್ಟಿನ ಮಿನಿ ಯುಪಿಎಸ್ ಬರುತ್ತದೆ, ಕೆಲವು ಗಂಟೆ ಓಡುತ್ತದೆ. ಕೊಳ್ಳುವ ಮುಂಚೆ ರೂಟರ್ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಫೋಟೊ ತೆಗೆದುಕೊಂಡು ಹೋಗಿ. 9 ವೋಲ್ಟಿನ ರೂಟರಿಗೆ 12 ಕೊಟ್ಟರೆ ಸುಡಬಹುದು. ಅಥವಾ ಅಂಗಡಿಯವರ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ: ನಿಮ್ಮ ಹಳೆ 600 ವಿಎಗೇ ಹೊಸ ಬ್ಯಾಟರಿ ಹಾಕಿಸಿ ರೂಟರಿಗೆ ಬಿಟ್ಟುಬಿಡಿ, ಎರಡು ಗಂಟೆ ಆಸುಪಾಸು ನಡೆಯುತ್ತದೆ. ಕೆಲವು ಯುಪಿಎಸ್‌ಗಳು ಇಷ್ಟು ಕಡಿಮೆ ಹೊರೆ ಇದ್ದರೆ ಏನೂ ಇಲ್ಲ ಅಂದುಕೊಂಡು ತಾವೇ ಆಫ್ ಆಗುತ್ತವೆ, ಅದನ್ನೊಮ್ಮೆ ಪರೀಕ್ಷಿಸಿ. ಇನ್ನೊಂದು ವಿಷಯ. ನಿಮ್ಮ ಮನೆಗೆ ಫೈಬರ್ ನೇರವಾಗಿ ಬಂದಿದ್ದರೆ ಸರಿ, ದಾರಿಯಲ್ಲಿ ಫೈಬರನ್ನು ಮನೆಮನೆಗೆ ಹಂಚುವ ಸ್ಪ್ಲಿಟರಿಗೆ ಕರೆಂಟ್ ಬೇಡ. ಸೊಸಾಯಿಟಿಯ ಟೆರೇಸ್‌ನಲ್ಲಿರುವ ಡಬ್ಬಿಯಿಂದ ಲ್ಯಾನ್ ಕೇಬಲ್ ಇಳಿದಿದ್ದರೆ ಆ ಡಬ್ಬಿಯೊಳಗಿನ ನೆಟ್‌ವರ್ಕ್ ಸ್ವಿಚ್ಚಿಗೂ ಕರೆಂಟ್ ಬೇಕು. ಅದು ಹೋದರೆ ನಿಮ್ಮ ಮನೆಯ ಯುಪಿಎಸ್ ಏನೂ ಮಾಡಲಾಗದು. ಹಾಗೆ ಇಳಿದ ತಾಮ್ರದ ಕೇಬಲ್ ಮೂಲಕವೇ ಸಿಡಿಲಿನ ಹೊಡೆತ ಬಂದು ಲ್ಯಾನ್ ಪೋರ್ಟ್ ಸುಡುವುದೂ ಉಂಟು. ಮೇ ಕೊನೆಯ ಗುಡುಗು, ಅಕ್ಟೋಬರಿನ ಗುಡುಗು ಜೋರಿದ್ದಾಗ ಗೋಡೆಯ ಪಿನ್ ಜೊತೆ ಆ ಕೇಬಲನ್ನೂ ಕಿತ್ತಿಡಿ.

ನಾನು ತುಂಬ ಒತ್ತಿ ಹೇಳಬೇಕಾದದ್ದು ಅರ್ಥಿಂಗ್ ಬಗ್ಗೆ. ಕಂಪ್ಯೂಟರ್ ಕ್ಯಾಬಿನೆಟ್ಟಿನ ಬಣ್ಣ ಹೋದ ಸ್ಕ್ರೂ ಹತ್ತಿರ ಬೆರಳು ತಾಗಿದಾಗ ಜುಮ್ ಅಂತ ಅನಿಸುತ್ತದೆಯೇ? ಅನಿಸಿದರೆ ನಿಮ್ಮ ಬೋರ್ಡಿಗೆ ಅರ್ಥ್ ಬಂದಿಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಅರ್ಥ್ ಇಲ್ಲದಾಗ ಕ್ಯಾಬಿನೆಟ್ ಮೇಲೆ ಮೇನ್ಸ್‌ನ ಅರ್ಧದಷ್ಟು, ಅಂದರೆ 110-115 ವೋಲ್ಟ್ ತಂದು ನಿಲ್ಲಿಸುತ್ತವೆ. ಕರೆಂಟ್ ತೀರಾ ಕಡಿಮೆ ಇರುವುದರಿಂದ ಜುಮ್ ಅನ್ನುತ್ತದೆ ಅಷ್ಟೇ. ಆದರೆ ಒಳಗೆ ನಿಜವಾಗಿ ಎಲ್ಲಾದರೂ ಶಾರ್ಟ್ ಆದ ದಿನ ಕಾಪಾಡುವವರು ಯಾರೂ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮಲ್ಟಿಮೀಟರ್ ಹಿಡಿಸಿ. ಫೇಸ್ ಮತ್ತು ಅರ್ಥ್ ನಡುವೆ 230 ಹತ್ತಿರ ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಮೀರಬಾರದು. ಪುಣೆಯ ಪೇಠೆಗಳ ಹಳೆ ವಾಡಾ ಮನೆಗಳಲ್ಲಿ, ಮುಂಬೈಯ ಹಳೆ ಚಾಳುಗಳಲ್ಲಿ ಬಾಡಿಗೆಗಿರುವವರು ಇದನ್ನು ತಪ್ಪದೇ ನೋಡಿಸಬೇಕು. ಯುಪಿಎಸ್‌ನ ಮೂರನೇ ಪಿನ್ ತೆಗೆದು ಎರಡು ಪಿನ್ನಿನ ಕನ್ವರ್ಟರ್ ಹಾಕುವುದು ದಯವಿಟ್ಟು ಬೇಡ. ಅರ್ಥ್ ಇಲ್ಲದೇ ಯುಪಿಎಸ್‌ನ ಸರ್ಜ್ (ವೋಲ್ಟೇಜ್ ಒಮ್ಮೆಲೇ ಜಿಗಿಯುವುದು) ರಕ್ಷಣೆಯೂ ಸರಿಯಾಗಿ ಕೆಲಸ ಮಾಡುವುದಿಲ್ಲ.

ಅಂಗಡಿಯಲ್ಲಿ ಡಬ್ಬ ತೆರೆಸಿ ನೋಡಿ. ಬಿಐಎಸ್ ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ತಯಾರಾದ ತಿಂಗಳು ನೋಡಿ. ವರ್ಷಗಟ್ಟಲೆ ಗೋದಾಮಿನಲ್ಲಿ ಚಾರ್ಜ್ ಇಲ್ಲದೇ ಕೂತ ಬ್ಯಾಟರಿ ಆಗಲೇ ಅರ್ಧ ಆಯುಷ್ಯ ಕಳೆದುಕೊಂಡಿರುತ್ತದೆ. ವಾರಂಟಿ ಯುಪಿಎಸ್‌ಗೆ ಮಾತ್ರವೋ ಬ್ಯಾಟರಿಗೂ ಸೇರಿಯೋ ಅಂತ ಕೇಳಿ. ಹಿಂದಿನ ಸಾಕೆಟ್‌ಗಳನ್ನೂ ನೋಡಿ, ನಮ್ಮ ಮೂರು ಪಿನ್ನಿನವು ಇಲ್ಲದಿದ್ದರೆ ಬೇರೆ ಕೇಬಲ್ ಬೇಕಾಗುತ್ತದೆ.

ಮನೆಗೆ ತಂದ ದಿನ ಏಳೆಂಟು ಗಂಟೆ ಚಾರ್ಜಿಗೆ ಬಿಡಿ. ಕಂಪ್ಯೂಟರ್, ಮಾನಿಟರ್ ಎರಡನ್ನೂ ಯುಪಿಎಸ್‌ಗೇ ಹಾಕಿ. ಲೇಸರ್ ಪ್ರಿಂಟರ್ ಮಾತ್ರ ಬೇಡವೇ ಬೇಡ. ಕಾಗದ ಬಿಸಿ ಮಾಡುವಾಗ ಅದು ಐನೂರು ವ್ಯಾಟ್ ದಾಟಿ ಎಳೆಯುತ್ತದೆ.

ರಾತ್ರಿ ಗೋಡೆಯ ಸ್ವಿಚ್ ಆಫ್ ಮಾಡುವ ಅಭ್ಯಾಸ ಇದ್ದರೆ ಬಿಡಿ. ಯುಪಿಎಸ್ ಆನ್ ಇಟ್ಟು ಗೋಡೆಯದ್ದನ್ನು ಆಫ್ ಮಾಡಿದರೆ ಬ್ಯಾಟರಿ ರಾತ್ರಿಯೆಲ್ಲ ಖಾಲಿಯಾಗುತ್ತದೆ, ಸೀಸದ ಬ್ಯಾಟರಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಬಿಸಿ ಎರಡನೇ ಶತ್ರು. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧವಾಗುತ್ತದೆ. ಪುಣೆಯ ಏಪ್ರಿಲ್ ಬಿಸಿಲಲ್ಲಿ ಕಿಟಕಿ ಕೆಳಗೆ, ಗೋಡೆಗೆ ಒತ್ತಿ ಇಟ್ಟರೆ ಮೂರು ವರ್ಷ ಬರಬೇಕಾದದ್ದು ಎರಡೂ ಬರುವುದಿಲ್ಲ. ವಾಸ್ಕೋ, ಪಣಜಿ ಕಡೆ ಓದುವವರಿಗೆ ಒಂದು ಮಾತು: ಉಪ್ಪುಗಾಳಿಗೆ ಬ್ಯಾಟರಿಯ ಟರ್ಮಿನಲ್ ಬೇಗ ಕಿಲುಬು ಹಿಡಿಯುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆಸಿ ಒರೆಸಿ.

ಮೂರು ತಿಂಗಳಿಗೊಮ್ಮೆ ಮೇಲೆ ಹೇಳಿದ ಬಯೋಸ್ ಪರೀಕ್ಷೆ ಮಾಡಿ, ಎಷ್ಟು ನಿಮಿಷ ಬಂತು ಅಂತ ಯುಪಿಎಸ್ ಮೇಲೆಯೇ ಒಂದು ಚೀಟಿ ಅಂಟಿಸಿ ಬರೆದಿಡಿ. ಮೊದಲ ಸಲ ಬಂದದ್ದರ ಅರ್ಧಕ್ಕೆ ಇಳಿದಾಗ ಬ್ಯಾಟರಿ ಬದಲಿಸಿ. ಎರಡಿದ್ದರೆ ಎರಡನ್ನೂ ಒಟ್ಟಿಗೇ. ಬ್ಯಾಟರಿ ಉಬ್ಬಿದ್ದು ಕಂಡರೆ ಪರೀಕ್ಷೆ ಬೇಡ, ಅವತ್ತೇ ತೆಗೆಸಿ. ಅದೇ ಯುಪಿಎಸ್‌ಗೆ ಲಿಥಿಯಂ ಬ್ಯಾಟರಿ ಹಾಕಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಅದರ ಚಾರ್ಜರ್ ಸೀಸದ ಬ್ಯಾಟರಿಗೆ ಮಾಡಿದ್ದು. ಹಳೆಯದನ್ನು ಭಂಗಾರ್‌ವಾಲಾಗೆ ಹಾಕದೇ ಹೊಸ ಬ್ಯಾಟರಿ ಕೊಳ್ಳುವ ಅಂಗಡಿಗೇ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಸರಿಯಾದ ಮರುಬಳಕೆಗೆ ಹೋಗಬೇಕು. ಸೀಸಕ್ಕೆ ಬೆಲೆ ಇರುವುದರಿಂದ ಹೊಸದರ ಬಿಲ್‌ನಲ್ಲಿ ಸ್ವಲ್ಪ ಕಳೆದೂ ಕೊಡುತ್ತಾರೆ, ಕೇಳಿ ಪಡೆಯಿರಿ.